ಅಂಬರನಾಥದ ಟಿವಿಗೆ ಕನ್ನಡ ಬಂದ ದಾರಿ

2013ರ ಮಾರ್ಚ್ 31ರ ನಡುರಾತ್ರಿ ಮಧ್ಯ ರೈಲ್ವೆಯ ಹಳಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಗಡಿಯೊಂದು ಬಿತ್ತು. ಠಾಣೆ, ಡೊಂಬಿವಲಿ, ಕಲ್ಯಾಣ ಗಡಿಯೊಳಗೆ. ವಿಠ್ಠಲವಾಡಿ, ಉಲ್ಲಾಸನಗರ ದಾಟಿದ ಮೇಲೆ ಸಿಗುವ ಅಂಬರನಾಥ ಹೊರಗೆ. ಗಡಿ ಎಳೆದದ್ದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಕೇಬಲ್ ಟಿವಿಯನ್ನು ಡಿಜಿಟಲ್ ಮಾಡುವ ಎರಡನೇ ಹಂತದ ಪಟ್ಟಿಯಲ್ಲಿ ದೇಶದ 38 ನಗರಗಳಿದ್ದವು. ಮಹಾರಾಷ್ಟ್ರದ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಅದರಲ್ಲಿದ್ದವು. ಕರ್ನಾಟಕದಿಂದ ಬೆಂಗಳೂರು, ಮೈಸೂರು ಇದ್ದವು. ಆ ರಾತ್ರಿಯಿಂದ ಈ ಊರುಗಳಲ್ಲಿ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಕೇಬಲ್ ಇಲ್ಲವೆಂಬುದು ಕಾನೂನು. ನಗರಪರಿಷತ್ತಿನ ಊರಾದ ಅಂಬರನಾಥ ‘ಉಳಿದ ನಗರ ಪ್ರದೇಶ’ಗಳ ಮೂರನೇ ಹಂತಕ್ಕೆ ಸೇರಿತು. ಅದಕ್ಕೆ ಕೊಟ್ಟಿದ್ದ ಗಡುವು 2015ರ ಕೊನೆ. ಮೊಕದ್ದಮೆಗಳ ನಡುವೆ ಅದು ಜಾರುತ್ತ ಹೋಗಿ 2017ರ ಜನವರಿ 31ಕ್ಕೆ ನಿಂತಿತು.

ಅಷ್ಟರಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದು ಒಂದು ವರ್ಷ ದಾಟಿತ್ತು. ಜಿಯೊ ಸಿಮ್ ಜನರ ಕೈಗೆ ಬಂದು ಐದು ತಿಂಗಳಾಗುತ್ತ ಬಂದಿತ್ತು. ಕೇಬಲ್ಲಿನ ಹಳೆಯ ಪದ್ಧತಿಗೆ ಅಂಬರನಾಥದಲ್ಲಿ ಕಾನೂನಿನ ಪ್ರಕಾರ ಕೊನೆಯ ದಿನ ಬರುವ ಹೊತ್ತಿಗೆ, ಕೇಬಲ್ಲನ್ನೇ ಬಿಡಿಸುವ ಕಾಲ ಬಾಗಿಲಿಗೆ ಬಂದಾಗಿತ್ತು.

ಈ ಬದಲಾವಣೆ ದೇಶದ ಎಲ್ಲ ಊರುಗಳಲ್ಲೂ ಆಗಿದೆ. ಆದರೆ ಠಾಣೆಯಿಂದ ಅಂಬರನಾಥದವರೆಗೆ ಹಬ್ಬಿರುವ ಕನ್ನಡ ಮನೆಗಳಲ್ಲಿ ಅದರ ಕಥೆ ಬೇರೆ. ಮನೆಯ ಟಿವಿಯಲ್ಲಿ ಮನೆಮಾತು ಕೇಳಬೇಕಾದರೆ ಇಲ್ಲಿ ಯಾವಾಗಲೂ ತಲೆ ಎಣಿಕೆ ಮಾಡಬೇಕಿತ್ತು: ಈ ಓಣಿಯಲ್ಲಿ, ಈ ಸೊಸೈಟಿಯಲ್ಲಿ ಕನ್ನಡದವರು ಎಷ್ಟು ಮನೆ? ಸ್ಟ್ರೀಮಿಂಗ್ ಆ ಎಣಿಕೆಯಿಂದ ಅವರನ್ನು ಪಾರು ಮಾಡಿತು. ಪಾರು ಮಾಡಿ, ಇನ್ನೂ ದೊಡ್ಡದೊಂದು ಎಣಿಕೆಗೆ ಒಪ್ಪಿಸಿತು.

ಅಂಬರನಾಥಕ್ಕೆ ಕನ್ನಡ ಹೊಸದೇನಲ್ಲ. ಊರಿಗೆ ಹೆಸರು ತಂದ ಶಿವಾಲಯ ಕಟ್ಟಿದ್ದು ಕ್ರಿ.ಶ. 1060ರಲ್ಲಿ, ಉತ್ತರ ಕೊಂಕಣದ ಶಿಲಾಹಾರರು. ರಾಷ್ಟ್ರಕೂಟರ ಸಾಮಂತರಾಗಿ ಬಂದ ಆ ಅರಸರ ಶಾಸನಗಳಲ್ಲಿ ಕನ್ನಡ ಬಿರುದುಗಳಿವೆ. ಇಪ್ಪತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದ ಕನ್ನಡ ಮಾತ್ರ ದುಡಿಮೆಯ ಕನ್ನಡ. ವಿಮ್ಕೋ ಬೆಂಕಿಪೆಟ್ಟಿಗೆ ಕಾರ್ಖಾನೆ, ಧರಮಸಿ ಮೊರಾರ್ಜಿ ರಾಸಾಯನಿಕ ಕಾರ್ಖಾನೆ, ರಕ್ಷಣಾ ಇಲಾಖೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ, ಆಮೇಲೆ ಎಂಐಡಿಸಿ ಕೈಗಾರಿಕಾ ಪ್ರದೇಶದ ನೂರಾರು ಘಟಕಗಳು ಊರನ್ನು ಬೆಳೆಸಿದವು. ಕರಾವಳಿಯವರು ಹೋಟೆಲು, ಬ್ಯಾಂಕು, ಕಚೇರಿಗಳಿಗೆ ಬಂದರು. ಕಲಬುರಗಿ, ವಿಜಯಪುರದ ಕಡೆಯವರು ಸೊಲ್ಲಾಪುರದ ಹಳಿ ಹಿಡಿದು ಕಟ್ಟಡ ಮತ್ತು ಕಾರ್ಖಾನೆ ಕೆಲಸಕ್ಕೆ ಬಂದರು. ಮುಂಬಯಿಯಲ್ಲಿ ಮನೆ ಸಿಗದವರು ಠಾಣೆಗೆ, ಅಲ್ಲಿಯೂ ಸಾಲದವರು ಡೊಂಬಿವಲಿಗೆ, ಅಲ್ಲಿಂದಾಚೆ ಅಂಬರನಾಥ, ಬದಲಾಪುರಕ್ಕೆ ಸರಿದರು. ಡೊಂಬಿವಲಿಯ ಕನ್ನಡಿಗರು ಕರ್ನಾಟಕ ಸಂಘ ಕಟ್ಟಿ ಮಂಜುನಾಥ ಶಾಲೆಯನ್ನೂ ನಡೆಸಿದರು. 2011ರ ಜನಗಣತಿಯಲ್ಲಿ ಅಂಬರನಾಥದ ಜನಸಂಖ್ಯೆ 2.53 ಲಕ್ಷ, ಇಡೀ ಮಹಾರಾಷ್ಟ್ರದಲ್ಲಿ ಕನ್ನಡ ತಾಯಿನುಡಿ ಎಂದು ಬರೆಸಿದವರು ಸುಮಾರು 10 ಲಕ್ಷ. ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರದ ಗಡಿ ತಾಲ್ಲೂಕುಗಳಲ್ಲಿ ಅವರು ಒತ್ತಾಗಿದ್ದಾರೆ. ಠಾಣೆ ಜಿಲ್ಲೆಯಲ್ಲಿ ಒಂದು ಕಟ್ಟಡಕ್ಕೆ ಎರಡು ಮನೆ, ಇನ್ನೊಂದಕ್ಕೆ ನಾಲ್ಕು ಮನೆ ಎಂಬಂತೆ ಚೆದುರಿದ್ದಾರೆ. ಟಿವಿಯ ಮಟ್ಟಿಗೆ ಈ ಚೆದುರುವಿಕೆಯೇ ತೊಡಕಾಯಿತು.

ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ವರಳಿಯ ಗೋಪುರದಿಂದ ಹೊರಟ ಅಲೆಯನ್ನು ದೂರದ ಅಂಬರನಾಥದಲ್ಲಿ ಹಿಡಿಯಲು ತಾರಸಿಯ ಮೇಲೆ ಎತ್ತರದ ಕೊಳವೆಗೆ ಆಂಟೆನಾ ಕಟ್ಟಬೇಕಿತ್ತು. ಅಷ್ಟು ಮಾಡಿದರೂ ಸಿಗುತ್ತಿದ್ದುದು ಮರಾಠಿ, ಹಿಂದಿ, ಗುಜರಾತಿ. ಕನ್ನಡ ಕಾಣಬೇಕಾದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಲನಚಿತ್ರದಲ್ಲಿ ಕನ್ನಡದ ಸರದಿ ಬರುವವರೆಗೆ ಕಾಯಬೇಕು. ಕಲಬುರಗಿ ಕಡೆಯಿಂದ ಬಂದವರಿಗೆ ಇದು ಇನ್ನಷ್ಟು ವಿಚಿತ್ರವಾಗಿ ಕಂಡಿರಬೇಕು. ಏಕೆಂದರೆ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಕನ್ನಡದಲ್ಲೇ ಟಿವಿ ನೋಡಿದ್ದವು. ಹಳ್ಳಿಯಲ್ಲಿ ಕಂಡ ಕನ್ನಡ ಟಿವಿ ಮಹಾನಗರದ ಮಗ್ಗುಲಲ್ಲಿ ಕಾಣಲಿಲ್ಲ.

ಮುಂಬಯಿಯಲ್ಲಿ ಕೇಬಲ್ ಹುಟ್ಟಿದ್ದು 1980ರ ದಶಕದಲ್ಲಿ, ಉಪಗ್ರಹಕ್ಕಿಂತ ಮೊದಲು. ಒಂದು ಕಟ್ಟಡದಲ್ಲಿ ಒಂದು ವಿಸಿಆರ್, ಅಲ್ಲಿಂದ ಮನೆಮನೆಗೆ ತಂತಿ, ರಾತ್ರಿಗೊಂದು ಹಿಂದಿ ಸಿನಿಮಾ. 1991ರ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ನೇರವಾಗಿ ತೋರಿಸಿತು. ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ, 1992ರ ಅಕ್ಟೋಬರಿನಲ್ಲಿ ಜೀ ಟಿವಿ ಬಂದವು. ತಾರಸಿಗಳ ಮೇಲೆ ಬೃಹತ್ ಡಿಶ್‌ಗಳು ಎದ್ದವು. ಕಟ್ಟಡದಿಂದ ಕಟ್ಟಡಕ್ಕೆ, ತೆಂಗಿನ ಮರದಿಂದ ವಿದ್ಯುತ್ ಕಂಬಕ್ಕೆ ಕಪ್ಪು ತಂತಿ ಹಬ್ಬಿತು. ಕೇಬಲ್‌ವಾಲಾ ಎಂಬ ಹೊಸ ಕಸುಬಿನವನು ಹುಟ್ಟಿದ. ಬಹುಪಾಲು ಆತ ಅದೇ ಓಣಿಯ ಹುಡುಗ. ರೇಡಿಯೊ ರಿಪೇರಿಯೋ ವಿಡಿಯೊ ಕ್ಯಾಸೆಟ್ ಬಾಡಿಗೆಯ ಅಂಗಡಿಯೋ ಇಟ್ಟುಕೊಂಡಿದ್ದವನು. ಸರ್ಕಾರ ಕಾನೂನು ಮಾಡುವ ಮೊದಲೇ ಈ ಜನ ದೇಶದ ಎಷ್ಟೋ ಊರುಗಳಿಗೆ ತಂತಿ ಎಳೆದಿದ್ದರು. ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆ ಬಂದದ್ದು 1995ರಲ್ಲಿ. ಯಾವ ಬಂಡವಾಳಗಾರನ ನೆರವೂ ಇಲ್ಲದೆ ಕೆಳಮಧ್ಯಮ ವರ್ಗದ ಹುಡುಗರು ಕಟ್ಟಿದ ಇಷ್ಟು ದೊಡ್ಡ ಉದ್ಯಮ ಸ್ವತಂತ್ರ ಭಾರತದಲ್ಲಿ ವಿರಳ. ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

1994ರಲ್ಲಿ ಉದಯ ಟಿವಿ ಶುರುವಾಯಿತು, ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ. ಆಕಾಶದಿಂದ ಕನ್ನಡ ಅಂಬರನಾಥದ ಮೇಲೂ ಬೀಳುತ್ತಿತ್ತು, ಮನೆಯೊಳಗೆ ಬರಲಿಲ್ಲ. ಜೀ, ಸ್ಟಾರ್ ಇದ್ದದ್ದು ಏಷ್ಯಾಸ್ಯಾಟ್ ಉಪಗ್ರಹದಲ್ಲಿ, ಉದಯ ಇದ್ದದ್ದು ಬೇರೆ ಉಪಗ್ರಹದಲ್ಲಿ. ಅದನ್ನು ಹಿಡಿಯಲು ಕೇಬಲ್‌ವಾಲಾ ಇನ್ನೊಂದು ಡಿಶ್, ಇನ್ನೊಂದು ರಿಸೀವರ್, ಇನ್ನೊಂದು ಮಾಡ್ಯುಲೇಟರ್ ಹಾಕಬೇಕು. ಹಾಕಿದರೂ ಜಾಗ ಎಲ್ಲಿ? ಅನಲಾಗ್ ಕೇಬಲ್ಲಿನಲ್ಲಿ ಪ್ರತಿ ವಾಹಿನಿಗೂ ಏಳೆಂಟು ಮೆಗಾಹರ್ಟ್ಸ್ ಬೇಕು. ಆಗಿನ ಎಷ್ಟೋ ಮನೆಗಳ ಟಿವಿಯಲ್ಲಿದ್ದದ್ದು ಎಂಟೋ ಹನ್ನೆರಡೋ ಗುಂಡಿ. ಆ ಗುಂಡಿಗಳಲ್ಲಿ ಒಂದನ್ನು ಕನ್ನಡಕ್ಕೆ ಕೊಟ್ಟರೆ ಮರಾಠಿಯದೋ ಸಿಂಧಿ, ಗುಜರಾತಿ ನೆರೆಯವರದೋ ಏನಾದರೂ ಬಿಡಬೇಕು. ಹೀಗಾಗಿ ಕೇಬಲ್‌ವಾಲಾ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಮನೆ ಇದ್ದೀರಿ? ಮಾಟುಂಗಾ, ಮುಲುಂಡ್, ಡೊಂಬಿವಲಿಯಂಥ ಕಡೆ ದಕ್ಷಿಣದವರು ಒಟ್ಟಾಗಿದ್ದಲ್ಲಿ ತಮಿಳು, ಮಲಯಾಳದ ಜೊತೆ ಕನ್ನಡಕ್ಕೂ ದಾರಿಯಾಯಿತು. ಎರಡೇ ಮನೆ ಇದ್ದ ಓಣಿಗೆ ಆಗಲಿಲ್ಲ.

ನಂತರ ವಾಹಿನಿಗಳೇ ದುಡ್ಡು ಕೊಟ್ಟು ಜಾಗ ಹಿಡಿಯುವ ಕಾಲ ಬಂತು. ‘ಕ್ಯಾರೇಜ್ ಫೀ’ ಕೊಟ್ಟವರಿಗೆ ಚೆನ್ನಾಗಿ ಕಾಣುವ ಮೊದಲ ಸಾಲು. ಕರ್ನಾಟಕದ ಜಾಹೀರಾತಿನಿಂದ ಬದುಕುವ ವಾಹಿನಿ ಕಲ್ಯಾಣದ ಕೇಬಲ್ಲಿನಲ್ಲಿ ಜಾಗಕ್ಕಾಗಿ ಹಣ ಸುರಿಯುವುದೇಕೆ? 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದವು. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ಕರ್ನಾಟಕದಲ್ಲಿ ಮನೆಮಾತಾಗಿದ್ದಾಗ ಇಲ್ಲಿನ ಎಷ್ಟೋ ಕನ್ನಡ ಮನೆಗಳಿಗೆ ಅದು ಊರಿನ ಫೋನಿನಲ್ಲಿ ಕೇಳಿದ ಕಥೆಯಷ್ಟೆ.

ಚಿತ್ರ ಬಂದ ಮನೆಗಳಲ್ಲೂ ಅದು ನಿಲ್ಲುವ ಭರವಸೆ ಇರಲಿಲ್ಲ. ಮುಂಬಯಿ ನಗರಕ್ಕೆ ಲೋಡ್‌ಶೆಡ್ಡಿಂಗ್ ಗೊತ್ತಿಲ್ಲ. ಠಾಣೆ ಜಿಲ್ಲೆಯ ಈ ಭಾಗಕ್ಕೆ ಅದು ನಿತ್ಯದ ಪಾಡಾಗಿತ್ತು, ವಿಶೇಷವಾಗಿ 2005ರ ನಂತರದ ಕೆಲವು ವರ್ಷ. ಕೇಬಲ್ಲಿನ ಸಂಕೇತ ಒಂದಿಷ್ಟು ದೂರ ಹೋದ ಕೂಡಲೇ ಕ್ಷೀಣಿಸುತ್ತದೆ. ನಡುನಡುವೆ ಆಂಪ್ಲಿಫೈಯರ್ ಇಟ್ಟು ಅದನ್ನು ಎತ್ತಬೇಕು, ಆ ಆಂಪ್ಲಿಫೈಯರಿಗೆ ಯಾರದೋ ಕಟ್ಟಡದಿಂದ ಕರೆಂಟು ಪಡೆಯಬೇಕು. ಅಂಬರನಾಥ ಪೂರ್ವದಲ್ಲಿ ಕರೆಂಟು ಇದ್ದು, ಕೇಬಲ್ ಹಾದು ಬರುವ ಬೇರೆ ಬಡಾವಣೆಯಲ್ಲಿ ಹೋಗಿದ್ದರೆ ಟಿವಿ ಆನ್ ಆಗುತ್ತದೆ, ಚಿತ್ರ ಮಾತ್ರ ಇಲ್ಲ. 2005ರ ಜುಲೈ 26ರ ಮಹಾಮಳೆಯಲ್ಲಿ ಉಲ್ಲಾಸ್ ಮತ್ತು ವಾಲಧುನಿ ನದಿಗಳು ಕಲ್ಯಾಣ, ಉಲ್ಲಾಸನಗರ, ಅಂಬರನಾಥ, ಬದಲಾಪುರದ ತಗ್ಗುಗಳಿಗೆ ನುಗ್ಗಿದಾಗ ತಂತಿಜಾಲಕ್ಕೂ ಆಪತ್ತು ಬಂದಿತ್ತು. ಮತ್ತೆ ಜೋಡಿಸಿದವರು ಇದೇ ಓಣಿಯ ಹುಡುಗರು.

ತಲೆ ಎಣಿಕೆಯಿಂದ ಮೊದಲ ಬಿಡುಗಡೆ ಕೊಟ್ಟದ್ದು ಡಿಟಿಎಚ್. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಡಿ ಡೈರೆಕ್ಟ್ ಪ್ಲಸ್, 2006ರಲ್ಲಿ ಟಾಟಾ ಸ್ಕೈ. ಬೆಂಗಳೂರಿಗೆ ಬರುವ ಸಂಕೇತವೇ ಬದಲಾಪುರಕ್ಕೂ ಬರುತ್ತದೆ. ಓಣಿಯಲ್ಲಿ ಒಂದೇ ಕನ್ನಡ ಮನೆ ಇದ್ದರೂ ಕನ್ನಡದ ಪ್ಯಾಕ್ ಕೊಂಡರೆ ಕನ್ನಡ ಸಿಗುತ್ತದೆ. ಚಂದನದ ‘ಥಟ್ ಅಂತ ಹೇಳಿ’ಯಲ್ಲಿ ನಾ. ಸೋಮೇಶ್ವರ ಅವರು ಕೇಳಿದ ಪ್ರಶ್ನೆಗೆ ಡೊಂಬಿವಲಿಯ ಹಜಾರದಿಂದ ಉತ್ತರ ಹೇಳುವ ಸಂತೋಷ ಎಷ್ಟೋ ನಿವೃತ್ತರಿಗೆ ಸಿಕ್ಕಿದ್ದು ಹೀಗೆ.

ಆದರೆ ಇದು ಕೊಂಕಣ. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ಅಲೆಗಳು ಹನ್ನೆರಡು ಗಿಗಾಹರ್ಟ್ಸ್ ಆಸುಪಾಸಿನವು. ಜೋರು ಮಳೆಯ ಹನಿಗಳು ಅವನ್ನು ಹೀರಿ ಚೆದುರಿಸುತ್ತವೆ. ಕೇಬಲ್‌ವಾಲಾನ ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡಿಗೆ ಆ ಕಾಟ ಕಡಿಮೆ. ಜುಲೈನ ರಾತ್ರಿ ಹೊರಗೆ ಹೋಗಲಾಗದೆ ಎಲ್ಲರೂ ಟಿವಿ ಮುಂದೆ ಕುಳಿತಾಗಲೇ ಡಿಟಿಎಚ್ ಮನೆಯ ಪರದೆಯಲ್ಲಿ ‘ಸಿಗ್ನಲ್ ಇಲ್ಲ’ ಎಂಬ ಸಾಲು. ಜೊತೆಗೆ ಡಿಶ್‌ಗೆ ದಕ್ಷಿಣದ ಆಕಾಶ ತೆರೆದಿರಬೇಕು. ಎದುರಿಗೆ ಹೊಸ ಕಟ್ಟಡ ಎದ್ದರೆ, ಸೊಸೈಟಿ ಒಪ್ಪಿಗೆ ಕೊಡದಿದ್ದರೆ ಮತ್ತೆ ಕೇಬಲ್ಲೇ ಗತಿ.

ಈ ನಡುವೆ ಬಂದದ್ದೇ ಕೇಬಲ್ಲನ್ನು ಡಿಜಿಟಲ್ ಮಾಡುವ ಆ ಗಡುವುಗಳ ಕಾಲ. ಹಳೆಯ ಒಂದು ಅನಲಾಗ್ ವಾಹಿನಿಯ ಜಾಗದಲ್ಲಿ ಡಿಜಿಟಲ್ಲಿನ ಹತ್ತಕ್ಕೂ ಹೆಚ್ಚು ವಾಹಿನಿ ಹಿಡಿಸುತ್ತವೆ. ಕನ್ನಡಕ್ಕೆ ಜಾಗವಿಲ್ಲ ಎಂಬ ನೆವ ಅಲ್ಲಿಗೆ ಮುಗಿಯಿತು. ಬಾಕ್ಸ್ ಬಂದ ಮೇಲೆ ಒಬ್ಬ ಕೇಬಲ್‌ವಾಲಾನ ಬಳಿ ನಿಜಕ್ಕೂ ಎಷ್ಟು ಮನೆಗಳಿವೆ ಎಂಬ ಲೆಕ್ಕ ಮೇಲಿನ ಕಂಪನಿಗೂ ಸರ್ಕಾರಕ್ಕೂ ಸಿಕ್ಕಿತು. ಅದುವರೆಗೆ ಆ ಲೆಕ್ಕ ಅವನೊಬ್ಬನಿಗೇ ಗೊತ್ತಿತ್ತು. ಮನರಂಜನಾ ತೆರಿಗೆ ಮಹಾನಗರಪಾಲಿಕೆಯಲ್ಲಿ ಮನೆಗೆ ತಿಂಗಳಿಗೆ 45 ರೂಪಾಯಿ ಇದ್ದ ಕಾಲದಲ್ಲಿ ಅದು ಸಣ್ಣ ಗುಟ್ಟಾಗಿರಲಿಲ್ಲ.

ಕೇಬಲ್ಲನ್ನು ನಿಜವಾಗಿ ಅಲುಗಿಸಿದ್ದು 2019. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಫೆಬ್ರವರಿ 1ರಿಂದ ಹೊಸ ದರಪದ್ಧತಿ ತಂದಿತು. ನೂರು ವಾಹಿನಿಗಳ ಜಾಲಶುಲ್ಕ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಬೇಕಾದ ಪಾವತಿ ವಾಹಿನಿಗಳನ್ನು ಒಂದೊಂದಾಗಿಯೋ ಗುಚ್ಛವಾಗಿಯೋ ಕೊಳ್ಳಬೇಕಿತ್ತು. ಗುಚ್ಛದಲ್ಲಿ ಸೇರುವ ವಾಹಿನಿಯ ಬೆಲೆ 19 ರೂಪಾಯಿ ಮೀರುವಂತಿರಲಿಲ್ಲ. ಇದನ್ನು ವಿರೋಧಿಸಿ 2018ರ ಡಿಸೆಂಬರ್ 27ರ ಸಂಜೆ ಏಳರಿಂದ ಹತ್ತರವರೆಗೆ, ಧಾರಾವಾಹಿಗಳ ಹೊತ್ತಿನಲ್ಲೇ, ಮುಂಬಯಿ ಪ್ರದೇಶದ ಕೇಬಲ್‌ವಾಲಾಗಳು ಪರದೆ ಕತ್ತಲು ಮಾಡಿದರು.

ನೋಡುಗ ತನಗೆ ಬೇಕಾದುದಕ್ಕೆ ಮಾತ್ರ ದುಡ್ಡು ಕೊಡಲಿ ಎಂಬ ಉದ್ದೇಶ ಒಳ್ಳೆಯದೇ. ಒಂದೇ ಭಾಷೆಯ ಮನೆಗೆ ಅದು ಒಗ್ಗಿತು. ಆದರೆ ಕಲ್ಯಾಣದ ಕನ್ನಡ ಮನೆ ಒಂದೇ ಭಾಷೆಯದಲ್ಲ. ಅಜ್ಜಿಗೆ ಕನ್ನಡ ಧಾರಾವಾಹಿ, ಶಾಲೆಗೆ ಹೋಗುವ ಮಗುವಿಗೆ ಹಿಂದಿ ಕಾರ್ಟೂನು, ಸೊಸೆಗೆ ಮರಾಠಿ, ಮಗನಿಗೆ ಕ್ರಿಕೆಟ್ಟು. ಮೂರು ಭಾಷೆಯ ಮನೆ ಮೂರು ಸಲ ಬೆಲೆ ಕೊಡಬೇಕಾಯಿತು. 2019ರಲ್ಲೇ ಜೀ ಮರಾಠಿಯ ‘ತುಲಾ ಪಾಹತೆ ರೇ’ ಕನ್ನಡದಲ್ಲಿ ‘ಜೊತೆ ಜೊತೆಯಲಿ’ಯಾಗಿ ಬಂತು. ನೆರೆಮನೆಯವರು ಮರಾಠಿಯಲ್ಲಿ ನೋಡಿ ಮುಗಿಸಿದ ಕಥೆಯನ್ನು ಕನ್ನಡದಲ್ಲಿ ನೋಡಲು ಇಲ್ಲಿನವರು ಬೇರೆ ದುಡ್ಡು ಕಟ್ಟಿದರು. ತಿಂಗಳ ಲೆಕ್ಕ ನಾಲ್ಕುನೂರರ ಕಡೆ ನಡೆದಾಗ, ಕೈಯಲ್ಲೇ ಇದ್ದ ಫೋನಿನ ಕಡೆ ಜನ ನೋಡಿದರು.

ಆ ಫೋನು ಆಗಲೇ ಸಿದ್ಧವಾಗಿತ್ತು. 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೊ ಡೇಟಾದ ಬೆಲೆಯನ್ನೇ ಮುರಿದಿತ್ತು. ಟ್ರಾಯ್ ಲೆಕ್ಕದ ಪ್ರಕಾರ 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು 2018ಕ್ಕೆ 12 ರೂಪಾಯಿಗಿಂತ ಕೆಳಗಿಳಿಯಿತು. ಅಂಬರನಾಥದಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಲು ಒಂದೂವರೆ ತಾಸು, ಬರಲು ಅಷ್ಟೇ. ಲೋಕಲ್ ಗಾಡಿಯಲ್ಲಿ ಪತ್ರಿಕೆ ಮಡಚಿ ಓದುತ್ತಿದ್ದ ಕೈಗಳಲ್ಲಿ ಹಾಟ್‌ಸ್ಟಾರ್, ವೂಟ್, ಸನ್ ನೆಕ್ಸ್ಟ್, 2018ರ ಫೆಬ್ರವರಿಯ ನಂತರ ಜೀ5 ಬಂದು ಕುಳಿತವು. ನಿನ್ನೆ ರಾತ್ರಿ ಎಂಟೂವರೆಗೆ ಬೆಂಗಳೂರಿನಲ್ಲಿ ಪ್ರಸಾರವಾದದ್ದು ಇಂದು ಬೆಳಗ್ಗೆ ಠಾಕುರ್ಲಿ, ದಿವಾ ದಾಟುವಾಗ ಕಿವಿಯಲ್ಲಿ. ಈ ಊರುಗಳ ಕನ್ನಡಿಗರ ಮೊದಲ ಸ್ಟ್ರೀಮಿಂಗ್ ಸಾಧನ ಟಿವಿಯಲ್ಲ, ರೈಲಿನಲ್ಲಿ ನಿಂತು ಹಿಡಿದ ಮೊಬೈಲು.

ಫೋನಿನಿಂದ ಗೋಡೆಯ ಟಿವಿಗೆ ದಾರಿ ಮಾಡಿದ್ದು ಬೆರಳುದ್ದದ ಕಡ್ಡಿ. ಗೂಗಲ್‌ನ ಕ್ರೋಮ್‌ಕಾಸ್ಟ್ ಭಾರತಕ್ಕೆ ಬಂದದ್ದು 2014ರ ಕೊನೆಗೆ, 2,999 ರೂಪಾಯಿಗೆ; ಆಗ ಅದಕ್ಕೆ ತಕ್ಕ ಇಂಟರ್‌ನೆಟ್ ಮನೆಗಳಲ್ಲಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಅಮೆಜಾನ್ ತನ್ನ ಫೈರ್ ಟಿವಿ ಸ್ಟಿಕ್ಕನ್ನು 3,999 ರೂಪಾಯಿಗೆ ತಂದಿತು. ಮರುವರ್ಷ ಶಿಯೋಮಿ 32 ಇಂಚಿನ ಸ್ಮಾರ್ಟ್ ಟಿವಿಯನ್ನು 13,999ಕ್ಕೆ ಮಾರಿತು. ಅಲ್ಲಿಂದ ಸಾಧಾರಣ ಮನೆಯ ಹೊಸ ಟಿವಿ ಎಂದರೆ ಸ್ಮಾರ್ಟ್ ಟಿವಿ ಎಂದಾಯಿತು. ಕಡ್ಡಿಗೆ ಬೇಕಿದ್ದ ತಂತಿ ತಂದವರು ಯಾರು? ಬಹಳ ಕಡೆ ಅದೇ ಕೇಬಲ್‌ವಾಲಾ. ತಾರಸಿಯ ಕಪ್ಪು ತಂತಿಯ ಪಕ್ಕದಲ್ಲೇ ತೆಳ್ಳನೆಯ ಫೈಬರ್ ಎಳೆದು, ಟಿವಿ ವಸೂಲಿಯ ಪುಸ್ತಕದಲ್ಲಿ ‘ನೆಟ್’ ಎಂಬ ಹೊಸ ಸಾಲು ಸೇರಿಸಿದ. ಫೈಬರಿನಲ್ಲಿ ಹರಿಯುವುದು ಬೆಳಕು. ಅದಕ್ಕೆ ಹಳೆಯ ಜಾಲದಷ್ಟು ನಡುದಾರಿಯ ಆಂಪ್ಲಿಫೈಯರು ಬೇಡ, ಯಾರದೋ ಮನೆಯ ಕರೆಂಟು ಬೇಡ. ಮಳೆಹನಿ ಅದನ್ನು ಹೀರುವುದಿಲ್ಲ.

ಬಿಡುಗಡೆಯ ತಾಂತ್ರಿಕ ಮರ್ಮ ಇಲ್ಲಿಯೇ ಇದೆ. ಕೇಬಲ್ ಇರುವ ಎಲ್ಲ ವಾಹಿನಿಗಳನ್ನೂ ಎಲ್ಲ ಮನೆಗೂ ಹೊತ್ತು ತರುತ್ತದೆ, ನೋಡಲಿ ಬಿಡಲಿ. ಸ್ಟ್ರೀಮಿಂಗ್‌ನಲ್ಲಿ ಮನೆ ಕೇಳಿದ್ದಷ್ಟೇ ಆ ಮನೆಗೆ ಹರಿಯುತ್ತದೆ, ಕೆಲವೇ ಸೆಕೆಂಡುಗಳ ತುಣುಕುಗಳಾಗಿ. ನಾಲ್ಕನೇ ಮಹಡಿಯವರು ಕನ್ನಡ ಕೇಳಿದರೆ ಮೂರನೇ ಮಹಡಿಯವರ ಮರಾಠಿಗೆ ಕಡಿಮೆಯಾಗುವುದಿಲ್ಲ. ಎಷ್ಟು ಮನೆ ಇದ್ದೀರಿ ಎಂಬ ಪ್ರಶ್ನೆಯನ್ನು ಈಗ ಓಣಿಯಲ್ಲಿ ಯಾರೂ ಕೇಳುವುದಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನ್‌ನಿಂದ ಧಾರಾವಾಹಿಗಳ ಚಿತ್ರೀಕರಣ ನಿಂತಿತು. ದೂರದರ್ಶನ ಹಳೆಯ ‘ರಾಮಾಯಣ’ವನ್ನು ಮತ್ತೆ ಹಾಕಿತು, ಏಪ್ರಿಲ್ 16ರಂದು ಅದನ್ನು 7.7 ಕೋಟಿ ಜನ ನೋಡಿದರೆಂದು ಪ್ರಸಾರಭಾರತಿ ಹೇಳಿತು. ಹಳೆಯ ಟಿವಿಯ ಕೊನೆಯ ದೊಡ್ಡ ಸಂಭ್ರಮ ಅದು. ಅದೇ ವರ್ಷದ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಥಿಯೇಟರಿಗೆ ಹೋಗದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ಹೊಸ ಕನ್ನಡ ಚಿತ್ರವೊಂದು ಬೆಂಗಳೂರು, ಅಂಬರನಾಥ ಎರಡಕ್ಕೂ ಒಂದೇ ದಿನ, ಒಂದೇ ಗಳಿಗೆಗೆ ಬಂದದ್ದು ಈ ಊರಿನ ಚರಿತ್ರೆಯಲ್ಲಿ ಹೊಸ ಸಂಗತಿ. ಅದುವರೆಗೆ ಇಲ್ಲಿನವರು ಕನ್ನಡ ಸಿನಿಮಾ ನೋಡಬೇಕಾದರೆ ಬಹುಮಟ್ಟಿಗೆ ಯಾವುದೋ ಸಂಘ ಮುಂಬಯಿಯ ಥಿಯೇಟರಿನಲ್ಲಿ ಭಾನುವಾರದ ಬೆಳಗಿನ ಪ್ರದರ್ಶನ ಏರ್ಪಡಿಸಬೇಕಿತ್ತು, ಇಲ್ಲವೇ ರಜೆಗೆ ಊರಿಗೆ ಹೋಗಬೇಕಿತ್ತು.

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಇಲ್ಲಿನ ಕನ್ನಡಿಗರು ಕನ್ನಡ ವಾಹಿನಿ ಬರುವ ಮನೆ ಯಾವುದೆಂದು ಕೇಳಿಕೊಂಡು ಹೋಗಬೇಕಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಕನ್ನಡ ಸುದ್ದಿವಾಹಿನಿಗಳ ಯೂಟ್ಯೂಬ್ ನೇರಪ್ರಸಾರ ಪ್ರತಿಯೊಬ್ಬರ ಕೈಯಲ್ಲೂ ಇತ್ತು. ಕಂಠೀರವ ಕ್ರೀಡಾಂಗಣದ ಜನಸಾಗರವನ್ನು ರೈಲಿನಲ್ಲಿ, ಹೋಟೆಲಿನ ಗಲ್ಲಾದಲ್ಲಿ, ಕಾರ್ಖಾನೆಯ ಊಟದ ಬಿಡುವಿನಲ್ಲಿ ನೋಡುತ್ತ ಅತ್ತವರು ಈ ಊರುಗಳಲ್ಲೂ ಇದ್ದರು.

ತುಳುವರಿಗೆ ದಕ್ಕಿದ್ದು ಇನ್ನೂ ಹೆಚ್ಚು. ಮಂಗಳೂರಿನ ನಮ್ಮ ಟಿವಿ, ನಮ್ಮ ಕುಡ್ಲದಂಥ ಸ್ಥಳೀಯ ಕೇಬಲ್ ವಾಹಿನಿಗಳು ಆ ಊರಿನ ತಂತಿಯ ಆಚೆ ಬರುವಂತಿರಲಿಲ್ಲ. ಯಾವ ಡಿಟಿಎಚ್ ಪ್ಯಾಕ್ ಕೊಂಡರೂ ತುಳು ಸಿಗುತ್ತಿರಲಿಲ್ಲ. ಯೂಟ್ಯೂಬ್ ನೇರಪ್ರಸಾರದಿಂದ ಕೋಲ, ನಾಗಮಂಡಲ, ಇಡೀ ರಾತ್ರಿಯ ಯಕ್ಷಗಾನ, ಕಂಬಳ ಎಲ್ಲವೂ ಡೊಂಬಿವಲಿಯ ಟಿವಿಗೆ ಬಂದವು. ರಜೆ ಸಿಗದೆ ಊರಿನ ನೇಮಕ್ಕೆ ಹೋಗಲಾಗದವರು ರಾತ್ರಿ ಎರಡರ ಹೊತ್ತಿಗೆ ಇಲ್ಲಿಂದಲೇ ಕೈಮುಗಿಯುತ್ತಾರೆ. ಕೇಬಲ್ಲಿನ ಮೂವತ್ತು ವರ್ಷದಲ್ಲಿ ಆಗದೇ ಇದ್ದದ್ದು ಇದು, ಸ್ಟ್ರೀಮಿಂಗ್‌ನ ಎಲ್ಲ ಕೊಡುಗೆಗಳಲ್ಲಿ ದೊಡ್ಡದು.

ಕೇಬಲ್‌ವಾಲಾನ ಪಾಡೇನು? 2018ರ ಅಕ್ಟೋಬರಿನಲ್ಲಿ ರಿಲಯನ್ಸ್, ಹಾಥ್‌ವೇ ಮತ್ತು ಡೆನ್ ಎಂಬ ಎರಡು ದೊಡ್ಡ ಕೇಬಲ್ ಕಂಪನಿಗಳ ಬಹುಪಾಲನ್ನು ಐದು ಸಾವಿರ ಕೋಟಿಗೂ ಹೆಚ್ಚು ಕೊಟ್ಟು ಕೊಂಡಿತು. ಅದಕ್ಕೆ ಬೇಕಿದ್ದದ್ದು ಮನೆಯ ಬಾಗಿಲವರೆಗೆ ಹೋಗುವ ಆ ದಾರಿ. ಕೇಬಲ್ ಉದ್ಯಮದ ಸಂಘಟನೆ ಎಐಡಿಸಿಎಫ್ ಮತ್ತು ಇವೈ ಸೇರಿ 2025ರಲ್ಲಿ ತಂದ ವರದಿಯ ಪ್ರಕಾರ ದೇಶದಲ್ಲಿ ದುಡ್ಡು ಕೊಟ್ಟು ಟಿವಿ ನೋಡುವ ಮನೆಗಳು 2018ರ 15.1 ಕೋಟಿಯಿಂದ 2024ಕ್ಕೆ 11.1 ಕೋಟಿಗೆ ಇಳಿದಿವೆ. ಡಿಟಿಎಚ್‌ನದೂ ಅದೇ ಕಥೆ: ಟ್ರಾಯ್ ಅಂಕಿಗಳಲ್ಲಿ 2024ರ ಮಾರ್ಚಿಗೆ ಸುಮಾರು 6.2 ಕೋಟಿ ಇದ್ದ ಚಂದಾದಾರರು ಒಂದೇ ವರ್ಷದಲ್ಲಿ 5.7 ಕೋಟಿಯಾದರು. ಫೈಬರಿಗೆ ಬಂಡವಾಳ ಹಾಕಲಾದವರು ಉಳಿದುಕೊಂಡರು, ಆಗದವರು ತಂತಿ ಸುತ್ತಿ ಬೇರೆ ಕೆಲಸ ಹುಡುಕಿದರು. ಮಳೆಯಲ್ಲಿ ತಾರಸಿ ಹತ್ತಿ ಕನ್ನಡವನ್ನು ಮನೆಗೆ ಮುಟ್ಟಿಸಿದ ಆ ಜನರನ್ನು ಈ ಚರಿತ್ರೆಯಲ್ಲಿ ನೆನೆಯದಿದ್ದರೆ ಅನ್ಯಾಯವಾಗುತ್ತದೆ.

ಖರ್ಚು ಇಳಿಯಿತೆಂದು ಹೇಳುವಂತಿಲ್ಲ. ಜೀ ಕನ್ನಡ ಬೇಕಾದರೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್, ಕಲರ್ಸ್ ಕನ್ನಡ ಮತ್ತು ಸುವರ್ಣಕ್ಕೆ 2025ರ ಫೆಬ್ರವರಿಯಿಂದ ಒಂದಾದ ಜಿಯೊಹಾಟ್‌ಸ್ಟಾರ್, ಹೊಸ ಸಿನಿಮಾಗಳಿಗೆ ಪ್ರೈಮ್. ಎಲ್ಲಕ್ಕೂ ಬೇರೆ ಚಂದಾ, ಬೇರೆ ಪಾಸ್‌ವರ್ಡ್, ಬೇರೆ ಒಟಿಪಿ. ಮಗ ಪುಣೆಯಲ್ಲಿ, ಒಟಿಪಿ ಅವನ ಫೋನಿಗೆ. ಅಂಬರನಾಥದ ತಾಯಿ ಅವನ ಕರೆಗೆ ಕಾಯಬೇಕು. ಚಿತ್ರ ನಿಂತರೆ ಕೂಗಿ ಕರೆಯಲು ಓಣಿಯಲ್ಲಿ ಯಾರೂ ಇಲ್ಲ.

ಇಷ್ಟಾದ ಮೇಲೆ ಆ ದೊಡ್ಡ ಎಣಿಕೆ. ಓಣಿಯ ಎಣಿಕೆ ಮುಗಿಯಿತು, ಆದರೆ ಎಣಿಸುವವರು ಹೋಗಲಿಲ್ಲ. ಕನ್ನಡದಲ್ಲಿ ಹೊಸದಾಗಿ ಸರಣಿ ಮಾಡಿಸಬೇಕೆ, ಈ ಕನ್ನಡ ಚಿತ್ರವನ್ನು ಕೊಳ್ಳಬೇಕೆ ಎಂದು ತೀರ್ಮಾನಿಸುವ ದೊಡ್ಡ ವೇದಿಕೆಗಳು ತೆಲುಗು, ತಮಿಳು, ಮಲಯಾಳದಲ್ಲಿ ಸರಣಿಯ ಮೇಲೆ ಸರಣಿ ತಂದಾಗ ಕನ್ನಡಕ್ಕೆ ನೋಡುಗರು ಸಾಲರು ಎಂಬಂತೆ ನಡೆದುಕೊಂಡವು. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಕರಾವಳಿಯ ಕಥೆಗಳನ್ನಿಟ್ಟುಕೊಂಡು ‘ಏಕಂ’ ಎಂಬ ಏಳು ಕಂತುಗಳ ಸರಣಿ ಮಾಡಿತು. ಅದಕ್ಕೆ ಯಾವ ವೇದಿಕೆಯೂ ಸಿಗಲಿಲ್ಲ. ವರ್ಷಗಟ್ಟಲೆ ಕಾದು, 2024ರ ಜುಲೈ 13ರಂದು ತಮ್ಮದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ಜೀ5 ತನ್ನ ಮೊದಲ ಕನ್ನಡ ಸರಣಿ ‘ಅಯ್ಯನ ಮನೆ’ಯನ್ನು ತಂದದ್ದು 2025ರ ಏಪ್ರಿಲ್‌ನಲ್ಲಿ, ಆಪ್ ಶುರುವಾಗಿ ಏಳು ವರ್ಷದ ಮೇಲೆ. ‘ಕೆಜಿಎಫ್’, ‘ಕಾಂತಾರ’ಗಳನ್ನು ದೇಶವೆಲ್ಲ ನೋಡಿದ ಮೇಲೂ ಕನ್ನಡದ ಸಣ್ಣ ಚಿತ್ರಗಳಿಗೆ ಬಾಗಿಲು ಸುಲಭವಾಗಿ ತೆರೆಯುತ್ತಿಲ್ಲ.

ಈ ಹೊಸ ಲೆಕ್ಕದಲ್ಲಿ ಅಂಬರನಾಥದ ಮನೆಗೂ ಬಸವನಗುಡಿಯ ಮನೆಗೂ ಒಂದೇ ತೂಕ. ಕೇಬಲ್ಲಿನ ಕಾಲದಲ್ಲಿ ಹಾಗಿರಲಿಲ್ಲ. ಗುಂಡಿ ಒತ್ತಿದ ಪ್ರತಿಯೊಂದು ಸಲವೂ ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ನೋಡಿದರೆಂಬುದು ಈಗ ಆಪ್‌ನಲ್ಲಿ ದಾಖಲಾಗುತ್ತದೆ. ಕನ್ನಡ ಚಿತ್ರವನ್ನು ಹಿಂದಿ ಧ್ವನಿಯಲ್ಲಿ ನೋಡಿದರೆ ಅದು ಹಿಂದಿಯ ಲೆಕ್ಕಕ್ಕೆ ಸೇರುತ್ತದೆ. ಟೆಲಿಗ್ರಾಂನಲ್ಲಿ ಕದ್ದ ಪ್ರತಿ ಇಳಿಸಿಕೊಂಡರೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ಅಂಬರನಾಥದ ಕನ್ನಡ ಬಂಧುಗಳು ಒಂದು ಕಾಲಕ್ಕೆ ಓಣಿಯ ಕೇಬಲ್‌ವಾಲಾನ ಹಿಂದೆ ಬಿದ್ದು ಕನ್ನಡ ಹಾಕಿಸಿಕೊಂಡವರು. ಆ ಹಟ ಈಗಲೂ ಬೇಕು. ಕನ್ನಡ ಧ್ವನಿ ಇರುವ ಕಡೆ ಕನ್ನಡದಲ್ಲೇ ನೋಡಿ, ಮಕ್ಕಳಿಗೂ ಹಾಗೇ ಹಾಕಿಕೊಡಿ. ಬೇಕಾದ ಕನ್ನಡ ಚಿತ್ರ ಇಲ್ಲದಿದ್ದರೆ ಆಪ್‌ನವರಿಗೆ ಬರೆದು ಕೇಳಿ. ‘ಏಕಂ’ನಂಥದ್ದು ಮತ್ತೆ ಬಂದಾಗ ದುಡ್ಡು ಕೊಟ್ಟು ನೋಡಿ.